ಗಾಳ ಹಾಕುವವರ ಕುರ್ಚಿ: ತೂಕಕ್ಕಿಂತ ಮೊದಲು ಎತ್ತರ ನೋಡಿ

ಮಳೆಗಾಲ ಮುಗಿದು ಅಳಿವೆಗಳ ನೀರು ತಿಳಿಯಾಗುವ ಹೊತ್ತಿಗೆ ಉಡುಪಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಒಂದು ನಿರ್ದಿಷ್ಟ ಬಗೆಯ ಸೊಂಟನೋವಿನವರು ಬರತೊಡಗುತ್ತಾರೆ. ಹೆಚ್ಚಿನವರು ನಿವೃತ್ತರು, ಕೆಲವರು ಗಲ್ಫಿನಿಂದ ರಜೆಯಲ್ಲಿ ಬಂದವರು; ಕೋಡಿಬೆಂಗ್ರೆಯಲ್ಲೋ ಸಸಿಹಿತ್ಲುವಿನಲ್ಲೋ ತಣ್ಣೀರುಬಾವಿಯಲ್ಲೋ ದಡದಲ್ಲಿ ಕುಳಿತು ಗಾಳ ಹಾಕುವ ಹವ್ಯಾಸದವರು. ಎಂಥ ಕುರ್ಚಿ ಎಂದು ಕೇಳಿದರೆ ಉತ್ತರ ತೂಕದಿಂದಲೇ ಆರಂಭವಾಗುತ್ತದೆ: “ಒಂದೇ ಕೆ.ಜಿ. ಡಾಕ್ಟ್ರೇ, ಮಡಚಿ ಚೀಲಕ್ಕೆ ಹಾಕಿದರೆ ಉಂಟೋ ಇಲ್ಲವೋ ಗೊತ್ತಾಗುವುದಿಲ್ಲ.” ಕುಳಿತುಕೊಳ್ಳುವ ಎತ್ತರ ಎಷ್ಟು ಎಂದು ಕೇಳಿದರೆ ನನ್ನ ಮುಖ ನೋಡುತ್ತಾರೆ.

ತೂಕ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಹೊಯಿಗೆಯಲ್ಲಿ ಒಂದು ಕಿಲೋಮೀಟರ್ ನಡೆಯುವವರಿಗೆ ಮೂರು ಕೆ.ಜಿ.ಯ ಕಬ್ಬಿಣದ ಕೊಳವೆಯ ಕುರ್ಚಿ ನಿಜವಾಗಿಯೂ ಹೊರೆಯೇ. ಆದರೆ ಕಾರು ನಿಲ್ಲಿಸಿದಲ್ಲಿಂದ ನೂರು ಹೆಜ್ಜೆ ದೂರದಲ್ಲಿ ಕುಳಿತುಕೊಳ್ಳುವವರು, ಅದೂ ಮಂಜುಗಡ್ಡೆ ತುಂಬಿದ ಐಸ್‌ಬಾಕ್ಸನ್ನು ಇನ್ನೊಂದು ಕೈಯಲ್ಲಿ ಎಳೆದುಕೊಂಡು ಹೋಗುವವರು, ಕುರ್ಚಿಯಲ್ಲಿ ಮಾತ್ರ ಒಂದೂವರೆ ಕೆ.ಜಿ. ಉಳಿಸಲು ಹೊರಡುವ ಲೆಕ್ಕಾಚಾರ ನನಗೆ ಇಂದಿಗೂ ಅರ್ಥವಾಗಿಲ್ಲ.

ಅಲ್ಯುಮಿನಿಯಂ ಕಡ್ಡಿಗಳನ್ನು ಜೋಡಿಸಿ ಬಟ್ಟೆಯನ್ನು ತೂಗುಹಾಕುವ ಈ ಒಂದು ಕೆ.ಜಿ. ಆಸುಪಾಸಿನ ಕುರ್ಚಿಗಳಲ್ಲಿ ಹೆಚ್ಚಿನವುಗಳ ಆಸನ ನೆಲದಿಂದ 30–35 ಸೆಂ.ಮೀ. ಎತ್ತರದಲ್ಲಿರುತ್ತದೆ. ಆ ಅಳತೆಯೂ ಸಾಮಾನ್ಯವಾಗಿ ಮುಂದಿನ ಅಂಚಿನದು; ನೀವು ಕುಳಿತಾಗ ಬಟ್ಟೆ ಜಗ್ಗಿ, ನಿಮ್ಮ ಪೃಷ್ಠ ನಿಲ್ಲುವ ಜಾಗ ಅದಕ್ಕಿಂತಲೂ ಕೆಳಗಿರುತ್ತದೆ. ಈಗ ನಿಮ್ಮ ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ, ಚಪ್ಪಲಿ ಹಾಕಿಕೊಂಡೇ, ಅಳೆದು ನೋಡಿ. ನಮ್ಮ ಗಂಡಸರಲ್ಲಿ ಅದು ಸಾಮಾನ್ಯವಾಗಿ 40 ಸೆಂ.ಮೀ. ದಾಟುತ್ತದೆ. ಅಂದರೆ ಸೊಂಟ ಕೆಳಗೆ, ಮೊಣಕಾಲು ಮೇಲೆ. ಈ ಭಂಗಿಯಲ್ಲಿ ಕಟಿಯ ಎಲುಬು ಹಿಂದಕ್ಕೆ ವಾಲುತ್ತದೆ, ಬೆನ್ನಿನ ಕೆಳಭಾಗದ ಸಹಜ ಒಳಬಾಗು ಮಾಯವಾಗುತ್ತದೆ. ಒರಗಿ ಕುಳಿತರೆ ಅದನ್ನೂ ಸಹಿಸಿಕೊಳ್ಳಬಹುದಿತ್ತು. ಗಾಳ ಹಾಕಿದವರು ಒರಗುವುದಿಲ್ಲ. ರಾಡಿನ ತುದಿ ಅಲುಗಿತೋ ಎಂದು ಮುಂದಕ್ಕೆ ಬಾಗಿಯೇ ಇರುತ್ತಾರೆ.

ಕುಳಿತಾಗ ಬೆನ್ನಿನ ಡಿಸ್ಕಿನ, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯ, ಮೇಲೆ ಬೀಳುವ ಒತ್ತಡದ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಡಿಸ್ಕಿನೊಳಗೇ ಸೂಜಿಯಿಟ್ಟು ಅಳೆದು, ಆಧಾರವಿಲ್ಲದೆ ಕುಳಿತಾಗ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು ಎಂದರು. 1999ರಲ್ಲಿ ಜರ್ಮನಿಯ ಉಲ್ಮ್‌ನ ತಂಡವೊಂದು ಅಳೆದಾಗ ಆರಾಮವಾಗಿ ಕುಳಿತಾಗ ಅಂಥ ಹೆಚ್ಚಳ ಕಾಣಲಿಲ್ಲ. ಆದರೆ ಬೆನ್ನು ಮುಂದಕ್ಕೆ ಬಾಗಿದಾಗ ಒತ್ತಡ ಏರುತ್ತದೆ ಎಂಬಲ್ಲಿ ತಕರಾರಿಲ್ಲ. ಅಳಿವೆಯಲ್ಲಿ ಪೂರ್ತಿ ಇಳಿದ ನೀರು ಮತ್ತೆ ಪೂರ್ತಿ ಏರಲು ಸುಮಾರು ಆರು ಗಂಟೆ ಬೇಕು. ಅದರ ಅರ್ಧ ಹೊತ್ತು ಹೀಗೆ ಬಾಗಿ ಕುಳಿತರೆ ಎಲುಬುಗಳನ್ನು ಕಟ್ಟಿ ಹಿಡಿಯುವ ಬೆನ್ನಿನ ಅಸ್ಥಿರಜ್ಜುಗಳು ನಿಧಾನವಾಗಿ ಜಗ್ಗಿರುತ್ತವೆ, ಎದ್ದ ಕೂಡಲೇ ಅವು ಮೊದಲಿನಂತಾಗುವುದಿಲ್ಲ.

ಮೀನು ಕಚ್ಚುವುದು ಆಗಲೇ. ಎರಡೂ ಕೈ ರಾಡಿನ ಮೇಲೆ, ಕಣ್ಣು ನೀರಿನ ಮೇಲೆ, ದೇಹ ಒಂದು ಬದಿಗೆ ತಿರುಚಿಕೊಂಡು, ತಗ್ಗಿನಿಂದ ಒಮ್ಮೆಗೇ ಮೇಲೇಳಬೇಕು. ನನ್ನಲ್ಲಿಗೆ ಬರುವವರು “ಕೂತು ಕೂತು ನೋವು ಬಂತು” ಎನ್ನುತ್ತಾರೆ; ಎಳೆಎಳೆಯಾಗಿ ಕೇಳುತ್ತಾ ಹೋದರೆ ಬಹುಪಾಲು ಪ್ರಕರಣಗಳಲ್ಲಿ ಅದು ಎದ್ದ ಕ್ಷಣದಲ್ಲಿ ಹಿಡಿದುಕೊಂಡ ನೋವು. ಕುರ್ಚಿಯಿಂದ ಏಳುವುದರ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2002ರ ಪ್ರಬಂಧವೊಂದರ ಪ್ರಕಾರ, ಆಸನ ಎತ್ತರವಾದಂತೆ ಏಳುವಾಗ ಮೊಣಕಾಲಿನ ಮೇಲಿನ ಹೊರೆ 60 ಶೇಕಡಾದವರೆಗೆ, ಸೊಂಟದ ಕೀಲಿನ ಹೊರೆ 50 ಶೇಕಡಾದವರೆಗೆ ಇಳಿಯಬಲ್ಲದು. ಆದ್ದರಿಂದ ಕುರ್ಚಿಯನ್ನು ಅದರಲ್ಲಿ ಕುಳಿತು ಪರೀಕ್ಷಿಸಬೇಡಿ, ಅದರಿಂದ ಎದ್ದು ಪರೀಕ್ಷಿಸಿ. ಅಂಗಡಿಯಲ್ಲಿ ಎರಡು ನಿಮಿಷ ಕುಳಿತರೆ ಎಲ್ಲ ಕುರ್ಚಿಯೂ ಸುಖವೇ. ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ಮುಂದಕ್ಕೆ ಜೋಲಿ ಹೊಡೆಯದೆ, ಸತತವಾಗಿ ಐದು ಸಲ ಏಳಲು ಆಗುತ್ತದೆಯೋ ನೋಡಿ. ಆಗದಿದ್ದರೆ ಅದು ಎಷ್ಟೇ ಹಗುರವಿರಲಿ, ನಿಮ್ಮ ಕುರ್ಚಿಯಲ್ಲ.

ಇಷ್ಟನ್ನು ಒಪ್ಪಿ ಸರಿಯಾದ ಎತ್ತರದ್ದನ್ನೇ ಕೊಂಡವರೂ ಮತ್ತೆ ಬರುತ್ತಾರೆ, ಏಕೆಂದರೆ ಅಂಗಡಿಯ ನೆಲ ಟೈಲ್ಸಿನದು, ಅಳಿವೆಯದು ಹೊಯಿಗೆ. ಮೂರು ಸೆಂ.ಮೀ. ಅಗಲದ ದುಂಡನೆಯ ನಾಲ್ಕು ಕಾಲುಗಳ ತಳವನ್ನು ಒಟ್ಟು ಸೇರಿಸಿದರೆ 28 ಚದರ ಸೆಂ.ಮೀ.; ಆಸನದ ಮೇಲೆ 70 ಕೆ.ಜಿ. ಭಾರ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ ಎರಡೂವರೆ ಕೆ.ಜಿ. ಆಯಿತು. ಅದೇ ಕಾಲುಗಳಿಗೆ ಹತ್ತು ಸೆಂ.ಮೀ. ಅಗಲದ ಚಪ್ಪಟೆ ತಟ್ಟೆಯಿದ್ದರೆ ಒತ್ತಡ ಕಾಲು ಕೆ.ಜಿ.ಗೂ ಕಡಿಮೆ. ಹಿಂದಿನ ಕಾಲುಗಳ ಮೇಲೆ ಭಾರ ಹೆಚ್ಚಿರುವುದರಿಂದ ಅವೇ ಮೊದಲು ಹೂಳುತ್ತವೆ, ಕುರ್ಚಿ ಹಿಂದಕ್ಕೆ ವಾಲುತ್ತದೆ, ನೀವು ಅಳೆದು ತಂದ 42 ಸೆಂ.ಮೀ. ಎತ್ತರ ಅರ್ಧ ಗಂಟೆಯಲ್ಲಿ 36 ಆಗಿರುತ್ತದೆ. ಅಗಲ ಪಾದದ ಕುರ್ಚಿ ಸಿಗದಿದ್ದರೆ ಕಾಲುಗಳ ಅಡಿಗೆ ಪ್ಲೈವುಡ್ಡಿನ ತುಂಡು ಹಾಕಿಕೊಳ್ಳಿ. ತಡೆಗೋಡೆಯ ಬಂಡೆಗಳ ಮೇಲೆ ಮಾತ್ರ ಯಾವ ಕುರ್ಚಿಯೂ ಬೇಡ.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿಗೆ ದುಬೈಯಲ್ಲಿರುವ ಮಗ ಇಂಥದೊಂದು ಹಗುರ ಕುರ್ಚಿ ಕಳುಹಿಸಿದ್ದ. ಮೊದಲ ದಿನವೇ ಕಾಣೆ ಮೀನು ಕಚ್ಚಿತು. ಇವರು ಎದ್ದಾಗ ಬಟ್ಟೆಯ ಅಂಚು ಸೊಂಟವನ್ನು ಕಚ್ಚಿಕೊಂಡು ಕುರ್ಚಿಯೂ ಒಟ್ಟಿಗೆ ಎದ್ದಿತಂತೆ. ಪಕ್ಕದಲ್ಲಿ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟನ್ನು ಕವುಚಿ ಕುಳಿತಿದ್ದ ಮೊಗವೀರ ಹಿರಿಯರು “ನನ್ನದು ನಿಮ್ಮದಕ್ಕಿಂತ ಎತ್ತರ ಉಂಟು ಮಾರಾಯ್ರೆ” ಎಂದು ನಕ್ಕರಂತೆ. ಅವರ ಮಾತು ಸರಿ. ಆ ಬಕೆಟ್ಟಿನ ಎತ್ತರ ಹೆಚ್ಚುಕಡಿಮೆ 40 ಸೆಂ.ಮೀ., ತೂಕವೂ ಒಂದು ಕೆ.ಜಿ.ಯ ಆಸುಪಾಸು. ಒರಗಲು ಏನೂ ಇಲ್ಲವಾದ್ದರಿಂದ ಗಂಟೆಗಟ್ಟಲೆ ಕುಳಿತುಕೊಳ್ಳುವವರಿಗೆ ನಾನು ಅದನ್ನು ಸೂಚಿಸಲಾರೆ. ನನ್ನ ರೋಗಿಗಾದರೋ ಆ ಹಿರಿಯರ ಒಂದು ಮಾತು ನನ್ನ ಅರ್ಧ ಗಂಟೆಯ ವಿವರಣೆಗಿಂತ ಬೇಗ ನಾಟಿತು.

ಕೈಯಾಸರೆಯ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಕೊಡಲಾಗದು. ರೀಲು ಸುತ್ತುವಾಗ ಮೊಣಕೈಗೆ ಅದು ತಡೆ. ಮೊಣಕಾಲು ಸವೆದವರಿಗೆ ಏಳಲು ಅದೇ ಬಲ, ಆದರೆ ಬಟ್ಟೆಯದಲ್ಲ, ಒತ್ತಿದರೆ ಬಾಗದಂಥದು ಬೇಕು. ಸೊಂಟದ ಕೀಲು ಬದಲಿಸಿಕೊಂಡವರು ತಮ್ಮ ಶಸ್ತ್ರಚಿಕಿತ್ಸಕರನ್ನು ಕೇಳದೆ ತಗ್ಗು ಆಸನದಲ್ಲಿ ಕುಳಿತುಕೊಳ್ಳಲೇಬಾರದು. ನೋವು ಮೊಣಕಾಲಿನಿಂದ ಕೆಳಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಕುರ್ಚಿ ಬದಲಿಸುತ್ತಾ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಉಪ್ಪುನೀರು. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಆದರೆ ಅದರಲ್ಲಿ ಉಕ್ಕಿನ ರಿವೆಟ್ ಇದ್ದರೆ ಉಪ್ಪಿನ ತೇವದಲ್ಲಿ ಎರಡು ಲೋಹಗಳೂ ಸೇರುವ ಜಾಗದಲ್ಲಿ ಅಲ್ಯುಮಿನಿಯಮ್ಮೇ ಬಿಳಿ ಪುಡಿಯಾಗಿ ಸವೆಯುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಆ ಬಿಳಿ ಪುಡಿ ಕಂಡ ಕುರ್ಚಿಯ ಮೇಲೆ ಮತ್ತೆ ಕುಳಿತುಕೊಳ್ಳುವ ಮೊದಲು ರಿವೆಟ್ಟನ್ನು ಬೆರಳಿನಿಂದ ಅಲುಗಿಸಿ ನೋಡಿ.