ವಿಷದ ಹೊಗೆ ಕುಡಿದ ಮಾಜಿ ಸೈನಿಕರಿಗೆ: ಸ್ಕ್ರೀನಿಂಗ್ ಆದರೆ ಅರ್ಜಿ ಹಾಕಿದಂತಲ್ಲ

ಇರಾಕಿನ ಬಲದ್ ನೆಲೆಯಲ್ಲಿ ಪ್ಲಾಸ್ಟಿಕ್ಕಿನಿಂದ ಹಿಡಿದು ಆಸ್ಪತ್ರೆ ಕಸದವರೆಗೆ ಎಲ್ಲವನ್ನೂ ಬಯಲು ಗುಂಡಿಗೆ ಸುರಿದು, ವಿಮಾನದ ಇಂಧನ ಹಾಕಿ ಸುಡುತ್ತಿದ್ದರು. ಆ ಹೊಗೆಯಿಂದಲೇ ಕಾಯಿಲೆ ಬಂತೆಂದು ಅಮೆರಿಕದ ಸೈನಿಕರು ತಾವೇ ಸಾಬೀತುಪಡಿಸಬೇಕಿತ್ತು. 2022ರ ಆಗಸ್ಟ್ 10ರಂದು ಜಾರಿಗೆ ಬಂದ ಪ್ಯಾಕ್ಟ್ ಕಾಯ್ದೆ ಆ ಹೊರೆ ಇಳಿಸಿದೆ. 1990ರ ಆಗಸ್ಟ್ 2ರಿಂದೀಚೆಗೆ ಇರಾಕ್, ಕುವೈತ್, ಸೌದಿಯಂಥ ಕಡೆ, ಇಲ್ಲವೇ 2001ರ ಸೆಪ್ಟೆಂಬರ್ 11ರಿಂದೀಚೆಗೆ ಅಫ್ಘಾನಿಸ್ತಾನ, ಸಿರಿಯಾದಂಥ ಕಡೆ ಸೇವೆಯಲ್ಲಿದ್ದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ, ಅದು ಸೇವೆಯಿಂದಲೇ ಬಂದದ್ದೆಂದು ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಒಪ್ಪಿಕೊಳ್ಳುತ್ತದೆ.

ಬಹಳ ಮಂದಿ ಎಡವುವುದು ಇದಾದ ಮೇಲೆ. ಹೊಗೆ, ವಿಷಕ್ಕೆ ಒಡ್ಡಿಕೊಂಡಿದ್ದಿರಾ ಎಂದು ವಿಎ ಆಸ್ಪತ್ರೆ ಮಾಡುವ ಸ್ಕ್ರೀನಿಂಗ್ ಐದು-ಹತ್ತು ನಿಮಿಷದ ಪ್ರಶ್ನೋತ್ತರ ಅಷ್ಟೇ. ಬರ್ನ್ ಪಿಟ್ ರಿಜಿಸ್ಟ್ರಿಯಲ್ಲಿ, ಅಂದರೆ ಇಂಥ ಗುಂಡಿಗಳ ಹೊಗೆಗೆ ಸಿಕ್ಕವರ ನೋಂದಣಿ ಪಟ್ಟಿಯಲ್ಲಿ, ಹೆಸರಿದ್ದರೂ ಪರಿಹಾರ ತಾನಾಗಿ ಬರುವುದಿಲ್ಲ. ಪರಿಹಾರಕ್ಕೆ 21-526ಇಝಡ್ ಫಾರಂ ಹಾಕಲೇಬೇಕು. ದಾಖಲೆ ಇನ್ನೂ ಕೈಸೇರಿಲ್ಲವೇ? ಮೊದಲು 21-0966 ಫಾರಂನಲ್ಲಿ ಅರ್ಜಿ ಹಾಕುವ ಇಂಗಿತ ತಿಳಿಸಿಡಿ. ವರ್ಷದೊಳಗೆ ಪೂರ್ಣ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ ಇಂಗಿತ ತಿಳಿಸಿದ ದಿನದಿಂದಲೇ ಹಣ ಲೆಕ್ಕವಾಗುತ್ತದೆ. ಈ ಹೆಜ್ಜೆ ಬಿಟ್ಟವರು ತಿಂಗಳುಗಟ್ಟಲೆ ಹಣ ಕಳೆದುಕೊಳ್ಳುತ್ತಾರೆ.

ಪಟ್ಟಿಯಲ್ಲಿರುವ ಉಬ್ಬಸವನ್ನೇ ನೋಡಿ. ಕಾಯಿಲೆ ಎಷ್ಟು ತೀವ್ರವೆಂದು ವಿಎ ಶೇಕಡಾವಾರು ರೇಟಿಂಗ್ ಕೊಡುತ್ತದೆ, ಪರಿಹಾರದ ಮೊತ್ತ ಅದರ ಮೇಲೆ ನಿಂತಿದೆ. ಅದು ಸೇವೆ ಮುಗಿದ ಮೇಲೆ ಪತ್ತೆಯಾಗಿರಬೇಕು. ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ, ಅಂದರೆ ಎಫ್‌ಇವಿ1, ನಿರೀಕ್ಷಿತ ಪ್ರಮಾಣದ ಶೇ 71ರಿಂದ 80 ಇದ್ದರೆ ಶೇ 10 ರೇಟಿಂಗ್. 56ರಿಂದ 70 ಇದ್ದರೆ ಶೇ 30. ಊದುವ ಪರೀಕ್ಷೆ ಚೆನ್ನಾಗಿ ಬಂದರೂ ದಿನವೂ ಇನ್‌ಹೇಲರ್ ಬೇಕಾಗುವವರಿಗೆ ಶೇ 30 ಸಿಗುತ್ತದೆ. ಆದರೆ ವೈದ್ಯರ ಚೀಟಿಯಲ್ಲಿ ‘ಬೇಕಾದಾಗ ಮಾತ್ರ’ ಎಂದಿದ್ದರೆ ಅದು 10ಕ್ಕೆ ಇಳಿಯಬಹುದು. ಹಾಗಾಗಿ ನಿಜವಾಗಿ ಎಷ್ಟು ಸಲ ಎಳೆದುಕೊಳ್ಳುತ್ತೀರೆಂದು ವೈದ್ಯರಿಗೆ ಹೇಳಿ ಬರೆಸಿಕೊಳ್ಳಿ. ವರ್ಷಕ್ಕೆ ಮೂರು ಬಾರಿಯಾದರೂ ಸ್ಟೆರಾಯ್ಡ್ ಮಾತ್ರೆಯ ಕೋರ್ಸ್ ಬೇಕಾದರೆ ಶೇ 60.

ಶ್ವಾಸಕೋಶದ ಸಣ್ಣ ಗಾಳಿನಾಳಗಳು ಕಿರಿದಾಗುವ ಕನ್‌ಸ್ಟ್ರಿಕ್ಟಿವ್ ಬ್ರಾಂಕಿಯೊಲೈಟಿಸ್ ಪತ್ತೆ ಇನ್ನೂ ಕಠಿಣ. ಸಿ.ಟಿ. ಸ್ಕ್ಯಾನೂ ಊದುವ ಪರೀಕ್ಷೆಯೂ ಸರಿಯಿದ್ದು, ಮೆಟ್ಟಿಲು ಹತ್ತುವಾಗ ಮಾತ್ರ ಏದುಸಿರು ಬರಬಹುದು. ‘ಎಲ್ಲ ನಾರ್ಮಲ್’ ಎಂದರೆಂದು ಸುಮ್ಮನಾಗದೆ ಶ್ವಾಸಕೋಶ ತಜ್ಞರನ್ನು ಕಾಣಿ.

ವಿಎ ಕರೆದ ವೈದ್ಯಕೀಯ ಪರೀಕ್ಷೆ ತಪ್ಪಿಸಬೇಡಿ; ಗೈರಾದರೆ ಅರ್ಜಿ ಬಿದ್ದುಹೋಗಬಹುದು. ಹಿಂದೆ ಅರ್ಜಿ ತಿರಸ್ಕಾರವಾಗಿದ್ದರೆ ಮತ್ತೆ ಪರಿಶೀಲಿಸಲು ಕೋರುವುದಕ್ಕೆ 20-0995 ಫಾರಂ ಇದೆ.

ಸೇವೆ ಮುಗಿಸಿ ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದವರಿಗೂ ಪರಿಹಾರ ಸಲ್ಲುತ್ತದೆ. ಇಲ್ಲಿನ ಚಿಕಿತ್ಸೆಯ ಖರ್ಚನ್ನಾದರೆ ಹೊರದೇಶದಲ್ಲಿರುವವರಿಗಾಗಿ ವಿಎ ನಡೆಸುವ ಫಾರಿನ್ ಮೆಡಿಕಲ್ ಪ್ರೋಗ್ರಾಂ ಕೊಡುತ್ತದೆ, ಅದೂ ವಿಎ ಒಪ್ಪಿದ ಕಾಯಿಲೆಗಷ್ಟೇ. ಆದ್ದರಿಂದ ಇಲ್ಲಿರುವವರು ಮೊದಲು 21-526ಇಝಡ್ ಮುಗಿಸಿಕೊಳ್ಳಿ; ಆಸ್ಪತ್ರೆ ಬಿಲ್ಲಿನಲ್ಲಿ ರೋಗದ ಹೆಸರು, ತಾರೀಕು, ಪ್ರತಿ ಚಿಕಿತ್ಸೆಯ ದರ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.