ನಿಲ್ಲುವ ಸ್ವರದ ಕೀ: ಸಾಂಪ್ಲರ್‌ನ ಪಿಚ್ ಮತ್ತು ಗ್ಲೈಡ್ ಬಗ್ಗೆ

ಮಂಗಳೂರಿನ ಆಸುಪಾಸಿನವರ ಕಿವಿಗೆ ಸ್ಯಾಕ್ಸೋಫೋನ್ ಹೊರಗಿನ ವಾದ್ಯವಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಅದನ್ನು ಕರ್ನಾಟಕ ಸಂಗೀತದಲ್ಲಿ ಸ್ವರವನ್ನು ತೂಗಿ ಬಾಗಿಸುವ ಗಮಕಗಳಿಗೆ ಒಗ್ಗಿಸಿ ತೋರಿಸಿದ ಮೇಲೆ, ಮದುವೆ ಮಂಟಪದಿಂದ ದೇವಸ್ಥಾನದ ಜಾತ್ರೆಯವರೆಗೆ ಅದನ್ನು ಕೇಳಿಯೇ ಬೆಳೆದವರು ಇಲ್ಲಿದ್ದಾರೆ. ಆದ್ದರಿಂದ ನನ್ನ ಸ್ಟುಡಿಯೋದಲ್ಲಿ ಭಕ್ತಿಗೀತೆಗೋ ತುಳು ಸಿನಿಮಾದ ಹಿನ್ನೆಲೆಗೋ ಸಾಂಪ್ಲರ್‌ನ ಸ್ಯಾಕ್ಸೋಫೋನ್ ಬಳಸಿದಾಗ ತಪ್ಪು ಕೂಡಲೇ ಗೊತ್ತಾಗುತ್ತದೆ. ಹಿರಿಯ ಕಲಾವಿದರೊಬ್ಬರು ಒಮ್ಮೆ ಕೇಳಿ ಹೇಳಿದರು: "ನಾದ ಎಲ್ಲ ಸರಿ ಉಂಟು ಮಾರಾಯ್ರೆ, ಆದ್ರೆ ಇದು ಸ್ವರದಲ್ಲಿ ನಿಲ್ಲುದೇ ಇಲ್ಲ, ಬರೀ ಜಾರ್ತದೆ." ಅವರ ಮಾತಿನಲ್ಲಿದ್ದ ದೋಷದ ಮೂಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಗ್ಲೈಡ್ ನಾಬ್‌ನಲ್ಲಿತ್ತು.

ಸಾಂಪ್ಲರ್ ಎಂದರೆ ಧ್ವನಿಮುದ್ರಿತ ಸ್ವರವನ್ನು ಕೀಲಿಮಣೆಯ ಮೇಲೆ ಹರಡಿ ನುಡಿಸುವ ವಾದ್ಯ. ಮುದ್ರಿಸಿದಾಗ ಇದ್ದ ಪಿಚ್‌ನಲ್ಲಿಯೇ ನುಡಿಯುವ ಕೀಗೆ ರೂಟ್ ಕೀ ಎನ್ನುತ್ತೇವೆ. ಅದಕ್ಕಿಂತ ಮೇಲಿನ ಕೀ ಒತ್ತಿದರೆ, ಸಾಮಾನ್ಯ ವಿಧಾನದಲ್ಲಿ, ಅದೇ ಸ್ಯಾಂಪಲ್ ಹೆಚ್ಚು ವೇಗವಾಗಿ ಓಡುತ್ತದೆ. ಕೀಲಿಮಣೆಯ ಒಂದು ಕೀಯಿಂದ ತೀರ ಪಕ್ಕದ ಕೀಗೆ ಇರುವ ಅಂತರವೇ ಸೆಮಿಟೋನ್. 12 ಸೆಮಿಟೋನ್ ಮೇಲೆ ಹೋದರೆ ವೇಗ ಎರಡು ಪಟ್ಟು, ಷಡ್ಜದಿಂದ ಪಂಚಮಕ್ಕೆ, ಅಂದರೆ 7 ಸೆಮಿಟೋನ್ ಮೇಲೆ ಹೋದರೆ ಸುಮಾರು ಒಂದೂವರೆ ಪಟ್ಟು. ಪಿಚ್ ಜೊತೆಗೆ ವಾದ್ಯದ ಒಡಲಿನ ಬಣ್ಣವೂ ಮೊದಲ ಉಸಿರಿನ ಸದ್ದೂ ಏರಿ ಬದಲಾಗುತ್ತವೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗುತ್ತದೆ. ಹಾಡುವವರ ಹಾರ್ಮೋನಿಯಂ 440ರ ಬದಲು 443 ಹರ್ಟ್ಸ್‌ಗೆ ಕೂಡಿದ್ದರೆ ಫೈನ್ ಟ್ಯೂನ್ ಅನ್ನು ಸುಮಾರು 12 ಸೆಂಟ್ ಏರಿಸಬೇಕು. ಒಂದು ಸೆಮಿಟೋನ್‌ಗೆ 100 ಸೆಂಟ್. ಈ ಕೆಲಸವನ್ನು ಗಮಕಕ್ಕೆ ಕೈ ಹಾಕುವ ಮೊದಲೇ ಮುಗಿಸಿಕೊಳ್ಳಬೇಕು, ಏಕೆಂದರೆ ಶ್ರುತಿಯೇ ಸೇರದಿದ್ದಾಗ ಪಿಚ್ ವೀಲ್ (ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಗಾಲಿ) ಹಿಡಿದವರ ಕೈ ತನಗರಿವಿಲ್ಲದೆ ಆ ಕೊರತೆಯನ್ನು ತುಂಬಲು ಹೋಗುತ್ತದೆ.

ಗ್ಲೈಡ್ ಮಾಡುವುದು ಇಷ್ಟೇ: ಹೊಸ ಸ್ವರವನ್ನು ಹಿಂದಿನ ಸ್ವರದ ಸ್ಥಾನದಿಂದ ಆರಂಭಿಸಿ, ನಾವು ಕೊಟ್ಟ ಸಮಯದಲ್ಲಿ ಅದರ ಜಾಗಕ್ಕೆ ತಲುಪಿಸುತ್ತದೆ. ಆ ಸಮಯವನ್ನು ಅಳೆಯುವ ಬಗೆ ಎರಡು. ಒಂದರಲ್ಲಿ ಷಡ್ಜದಿಂದ ರಿಷಭಕ್ಕೆ ಹೋದರೂ ಮೇಲಿನ ಷಡ್ಜಕ್ಕೆ ಹೋದರೂ ಹಿಡಿಯುವ ಹೊತ್ತು ಒಂದೇ. ಇನ್ನೊಂದರಲ್ಲಿ ದೂರ ಹೆಚ್ಚಿದಷ್ಟು ಹೊತ್ತೂ ಹೆಚ್ಚುತ್ತದೆ. ನಮ್ಮ ಸಂಗೀತಕ್ಕೆ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ, 60ರಿಂದ 80 ಮಿಲಿಸೆಕೆಂಡ್‌ಗಿಂತ ಮೇಲೆ ಹೋಗುವುದಿಲ್ಲ. ಜೊತೆಗೆ ಲೆಗಾಟೊ ಆಯ್ಕೆಯನ್ನು ಹಾಕಿರುತ್ತೇನೆ. ಹಿಂದಿನ ಕೀ ಬಿಡುವ ಮೊದಲೇ ಮುಂದಿನದನ್ನು ಒತ್ತಿದಾಗ ಮಾತ್ರ ಆಗ ಗ್ಲೈಡ್ ಕೆಲಸ ಮಾಡುತ್ತದೆ, ಬಿಡಿಸಿ ನುಡಿಸಿದರೆ ಸ್ವರ ನೇರವಾಗಿ ಬರುತ್ತದೆ. ಆ ಹಿರಿಯರು ಕೇಳಿದ ಟ್ರ್ಯಾಕ್‌ನಲ್ಲಿ ಸಮಯ 200 ಮಿಲಿಸೆಕೆಂಡ್ ಇತ್ತು, ಲೆಗಾಟೊ ಇರಲಿಲ್ಲ. ದ್ರುತಗತಿಯಲ್ಲಿ ಒಂದು ಸ್ವರ ತನ್ನ ಜಾಗ ತಲುಪುವ ಮೊದಲೇ ಇನ್ನೊಂದು ಹೊರಡುತ್ತಿತ್ತು.

ಗ್ಲೈಡ್‌ನಿಂದ ಗಮಕ ಹುಟ್ಟುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ಬಾರಿಯೂ ಅದು ಒಂದೇ ದಾರಿಯಲ್ಲಿ, ಒಂದೇ ನಡೆಯಲ್ಲಿ ಹೋಗುತ್ತದೆ. ಗಮಕವಾದರೋ ಹೊರಟಲ್ಲಿ ತುಸು ತಡೆದು, ನಡುವೆ ಬೀಸಿ, ತಲುಪುವಲ್ಲಿ ಮೆತ್ತಗಾಗುತ್ತದೆ. ಅದಕ್ಕೆ ಕೈ ಬೇಕು, ಅಂದರೆ ಪಿಚ್ ವೀಲ್ ಬೇಕು.

ನುಡಿಸಿದ್ದನ್ನು ಅಂಕಿಗಳಾಗಿ ವಾದ್ಯದಿಂದ ವಾದ್ಯಕ್ಕೆ ಸಾಗಿಸುವ ಮಿಡಿ ವ್ಯವಸ್ಥೆಯಲ್ಲಿ ಪಿಚ್ ವೀಲ್‌ನ ಚಲನೆಗೆ 0ರಿಂದ 16383ರವರೆಗೆ ಬೆಲೆಗಳಿವೆ; ನಡುವಿನ 8192 ಎಂದರೆ ಸ್ವರ ಬಾಗದ ಸ್ಥಿತಿ. ಈ ಚಲನೆ ಎಷ್ಟು ಸೆಮಿಟೋನ್‌ಗೆ ಸಮ ಎಂಬುದನ್ನು ವಾದ್ಯದ ಬೆಂಡ್ ರೇಂಜ್ ನಿರ್ಧರಿಸುತ್ತದೆ. ರೂಢಿಯಲ್ಲಿ ಅದು ಮೇಲೆ 2, ಕೆಳಗೆ 2. ತೋಡಿ ರಾಗದ ಗಾಂಧಾರವನ್ನು ನೋಡಿ. ಅದು ರಿಷಭ ಮಧ್ಯಮಗಳ ನಡುವೆ ತೂಗುವ ಸ್ವರ. ಕೀಲಿಮಣೆಯ ಲೆಕ್ಕದಲ್ಲಿ ಶುದ್ಧ ರಿಷಭ ಅದರಿಂದ 2 ಸೆಮಿಟೋನ್ ಕೆಳಗೆ, ಶುದ್ಧ ಮಧ್ಯಮ 2 ಸೆಮಿಟೋನ್ ಮೇಲೆ. ಗಾಂಧಾರದ ಕೀ ಒತ್ತಿ ಹಿಡಿದರೆ ಇಡೀ ಕಂಪಿತ, ಅಂದರೆ ಆ ತೂಗಾಟ, 2ರ ರೇಂಜ್‌ನೊಳಗೇ ಸಿಗುತ್ತದೆ, ವೀಲ್‌ನ ಪೂರ್ಣ ಹರವು ಕೈಗೆ ಒದಗುತ್ತದೆ. ರೇಂಜ್ ಅನ್ನು 12ಕ್ಕೆ ಏರಿಸಿಟ್ಟವರು ಇದೇ ಗಾಂಧಾರವನ್ನು ವೀಲ್‌ನ ಆರನೇ ಒಂದು ಪಾಲು ಚಲನೆಯಲ್ಲಿ ಮಾಡಬೇಕಾಗುತ್ತದೆ. ವೀಲ್ 128 ಮೆಟ್ಟಿಲುಗಳನ್ನಷ್ಟೇ ಕಳಿಸುವ ಕೀಲಿಮಣೆಯಾದರೆ ಒಂದೊಂದು ಮೆಟ್ಟಿಲೂ ಸುಮಾರು 19 ಸೆಂಟ್ ಆಗಿ, ಜಾರುವ ಬದಲು ಸ್ವರ ಕುಂಟುತ್ತದೆ.

ಪಂಚಮಕ್ಕೆ ಷಡ್ಜದಿಂದ ಬರುವ ಉದ್ದ ಜಾರುವಿಕೆಗೆ ಮಾತ್ರ ನಾನು ರೇಂಜ್ ಅನ್ನು 7 ಮಾಡುತ್ತೇನೆ. ಹಲವರು ಷಡ್ಜದ ಕೀ ಒತ್ತಿ ವೀಲ್ ಅನ್ನು ಮೇಲಕ್ಕೆ ತಳ್ಳುತ್ತಾರೆ. ಹಾಗೆ ಮಾಡಿದರೆ ಸ್ವರ ಪಂಚಮದಲ್ಲಿ ನಿಂತಾಗ ಷಡ್ಜದ ಸ್ಯಾಂಪಲ್ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತಿರುತ್ತದೆ, ಕೇಳುಗರು ಹೆಚ್ಚು ಹೊತ್ತು ಕೇಳುವ ಸ್ವರವೇ ಕೀರಲಾಗುತ್ತದೆ. ನಾನು ವೀಲ್ ಅನ್ನು ಮೊದಲೇ ಪೂರ್ತಿ ಕೆಳಗೆಳೆದುಕೊಂಡು, ಪಂಚಮದ ಕೀ ಒತ್ತಿ, ವೀಲ್ ಅನ್ನು ಕೈಯಲ್ಲಿ ತಡೆಯುತ್ತಲೇ ನಡುವಿಗೆ ಬಿಡುತ್ತೇನೆ. ಆರಂಭದ ನಾದ ತುಸು ಮಂಕಾಗಿರುತ್ತದೆ, ಆದರೆ ಅದು ಕ್ಷಣದ್ದು. ಪಂಚಮಕ್ಕೆ ತನ್ನದೇ ಸ್ಯಾಂಪಲ್ ಇದ್ದರೆ ನಿಲ್ಲುವ ಸ್ವರ ತನ್ನ ಸಹಜ ವೇಗದಲ್ಲಿ, ತನ್ನ ಬಣ್ಣದಲ್ಲಿ ನಿಲ್ಲುತ್ತದೆ. ಸ್ಪ್ರಿಂಗ್ ಇರುವ ವೀಲ್ ತಾನಾಗಿ 8192ಕ್ಕೆ ಮರಳುವುದರಿಂದ ಶ್ರುತಿಯೂ ತಪ್ಪುವುದಿಲ್ಲ.

ಪಿಚ್ ವೀಲ್‌ನ ಸಂದೇಶ ಒಂದು ಸ್ವರಕ್ಕಲ್ಲ, ಇಡೀ ಮಿಡಿ ಚಾನೆಲ್‌ಗೆ ಅನ್ವಯಿಸುತ್ತದೆ. ತಂಬೂರಿಯ ಶ್ರುತಿ ಅದೇ ಚಾನೆಲ್‌ನಲ್ಲಿದ್ದರೆ ಅದೂ ಬಾಗುತ್ತದೆ. ಬೇರೆ ಚಾನೆಲ್ ಕೊಡಿ. ಚೆಂಡೆ, ಜಾಗಟೆಗಳ ಸ್ಯಾಂಪಲ್‌ಗಳಿಗೆ ಗ್ಲೈಡ್ ಬೇಡವೇ ಬೇಡ.

ಕೆಲವು ವರ್ಷಗಳ ಹಿಂದೆ ತೋಡಿಯ ಒಂದು ಆಲಾಪನೆಯನ್ನು 2ರ ರೇಂಜ್‌ನಲ್ಲಿ ನುಡಿಸಿ, ಮಿಡಿ ಫೈಲ್ ಮಾತ್ರ ಬೇರೊಂದು ಸ್ಟುಡಿಯೋಗೆ ಕಳಿಸಿದ್ದೆ. ಅಲ್ಲಿನ ವಾದ್ಯದಲ್ಲಿ ರೇಂಜ್ 12 ಇತ್ತು. ಎಚ್ಚರದಿಂದ ತೂಗಿಸಿದ ಗಾಂಧಾರ ಆರು ಪಟ್ಟು ಹಿಗ್ಗಿ, ಒಂದು ಸ್ಥಾಯಿ ಕೆಳಗಿನಿಂದ ಒಂದು ಸ್ಥಾಯಿ ಮೇಲಿನವರೆಗೆ ಹೊಯ್ದಾಡಿತು. ಫೈಲ್‌ನಲ್ಲಿ ಇರುವುದು ವೀಲ್‌ನ ಚಲನೆ ಮಾತ್ರ; ರೇಂಜ್ ಅನ್ನು ಬೇರೆಯಾಗಿ ಹೇಳದಿದ್ದರೆ ಪಡೆದವರಿಗೆ ತಿಳಿಯುವ ದಾರಿಯೇ ಇಲ್ಲ. ಅಂದಿನಿಂದ ಪ್ರತಿ ಟ್ರ್ಯಾಕ್‌ನ ಹೆಸರಿನಲ್ಲಿಯೇ "ಸ್ಯಾಕ್ಸ್, ಬೆಂಡ್ 2, ಗ್ಲೈಡ್ 70" ಎಂದು ಬರೆಯುತ್ತೇನೆ, ಜೊತೆಗೆ ನುಡಿಸಿದ ಆಡಿಯೋವನ್ನೂ ಕಳಿಸುತ್ತೇನೆ.