ಖಾಲಿ ಗೂಡು ನೋಡೋಕಾಗಲ್ಲ ಅಂತ ಸಂತೆಗೆ ಓಡಬೇಡಿ

ಬೆಳಗ್ಗೆ ಆರೂವರೆಗೇ ಫೋನ್ ಬಂತು ಅಂದ್ರೆ ಒಂದೋ ಯಾರದೋ ಹಸು ಕರು ಹಾಕೋಕೆ ಒದ್ದಾಡ್ತಿದೆ, ಇಲ್ಲಾ ಯಾರದೋ ಕೋಳಿಗೂಡು ಖಾಲಿ ಆಗಿದೆ. ಕೋಳಿ ಕೇಸ್ ಆದ್ರೆ ಮಾತು ಹೆಚ್ಚೂಕಮ್ಮಿ ಒಂದೇ ಥರ ಇರತ್ತೆ. "ಸಾರ್, ಹನ್ನೊಂದು ಇದ್ವು, ಎಲ್ಲಾ ಹೋದ್ವು", ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ತಕ್ಷಣ "ಈ ಸಲ ಯಾವ ತಳಿ ತರ್ಲಿ? ಗಿರಿರಾಜ ತಡ್ಕೊಳತ್ತಂತೆ, ಹೌದಾ?"

ತಳಿ ವಿಷ್ಯ ಆಮೇಲೆ ನೋಡೋಣ, ಸತ್ತಿದ್ದು ಹೇಗೆ ಹೇಳಿ ಅಂತೀನಿ ನಾನು. ಇದನ್ನ ಕೇಳಿದ್ರೆ ಸುಮಾರು ಜನಕ್ಕೆ ಬೇಜಾರಾಗತ್ತೆ, ಹೋಗಿದ್ದು ಹೋಯ್ತು ಈಗ ಯಾಕೆ ಅಂತ. ಆದ್ರೆ ನಾನು ನೋಡಿದ ಹಾಗೆ ಎರಡನೇ ಸಲ ಗೂಡು ಖಾಲಿ ಆಗೋರೆಲ್ಲ ಮೊದಲನೇ ಸಲ ಈ ಪ್ರಶ್ನೆ ಹಾರಿಸಿದೋರೇ.

ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ, ಕೋಳಿಗೆ ಅಳೋದಾ ಅಂತ ಯಾರಾದ್ರೂ ನಕ್ಕರೆ ತಲೆ ಕೆಡಿಸ್ಕೋಬೇಡಿ. ಚುಕ್ಕಿ, ಜುಟ್ಟಿ, ಕರಿಯಮ್ಮ ಅಂತ ಹೆಸರಿಟ್ಟು ಸಾಕಿದ್ದು, ಅಡಿಗೆಮನೆ ಬಾಗಿಲಿಗೆ ಬಂದು ನುಚ್ಚು ಕೇಳ್ತಿದ್ದಿದ್ದು, ಬೆಳಗ್ಗೆ ಎದ್ದು ನೋಡಿದ್ರೆ ಕಾಲು ಚಾಚಿ ಬಿದ್ದಿರತ್ತೆ. ಮನೇಲಿ ಮಗು ಇದ್ರೆ ಇನ್ನೂ ಕಷ್ಟ. ಆ ಸಂಕಟದಲ್ಲೇ ಜನ ಮಾರನೇ ದಿನ ಸಂತೆಗೆ ಓಡೋದು, ಎಡವಟ್ಟು ಆಗೋದೂ ಅಲ್ಲೇ.

ಈಗ ಹೇಗೆ ಸತ್ತವು ಅನ್ನೋದು. ಒಂದೇ ರಾತ್ರಿಲಿ, ಪುಕ್ಕ ಎಲ್ಲಾ ಕಡೆ ಚೆಲ್ಲಾಡಿ, ಕತ್ತು ಕಚ್ಚಿರೋ ಗುರುತಿದ್ರೆ ಅದು ರೋಗ ಅಲ್ಲ, ಮುಂಗುಸಿನೋ ಕಾಡುಬೆಕ್ಕೋ ನಾಯಿನೋ. ಮುಂಗುಸಿ ಗೂಡೊಳಗೆ ನುಗ್ಗಿದ್ರೆ ಒಂದನ್ನ ತಿಂದು ಸುಮ್ನಾಗಲ್ಲ, ರೆಕ್ಕೆ ಬಡಿಯೋದನ್ನೆಲ್ಲ ಕಚ್ಚಿ ಹಾಕತ್ತೆ, ಅದಕ್ಕೇ ಹತ್ತು ಸತ್ತಿರತ್ತೆ, ತಿಂದಿರೋದು ಒಂದೋ ಎರಡೋ. ಇಲ್ಲಿ ಸಮಸ್ಯೆ ಕೋಳಿದಲ್ಲ, ಮೆಷ್‌ದು. ಅಂಗಡೀಲಿ ಕೋಳಿ ಮೆಷ್ ಅಂತ ಕೊಡೋ ತೆಳು ಆರು ಮೂಲೆ ತಂತಿ ಕೋಳಿನ ಒಳಗಿಡೋಕೆ ಸಾಕು, ನಾಯಿನ ಹೊರಗಿಡೋಕೆ ಸಾಕಾಗಲ್ಲ. ಅರ್ಧ ಇಂಚು ಚೌಕದ ವೆಲ್ಡ್ ಮೆಷ್ ಹಾಕಿ, ಕೆಳಗಡೆ ಒಂದು ಅಡಿ ಮಣ್ಣೊಳಗೆ ಹೂತು ಬಿಡಿ, ಬಾಗಿಲಿಗೆ ಬರೀ ಅಗುಳಿ ಅಲ್ಲ ಕೊಂಡಿನೂ ಇರ್ಲಿ. ಹೀಗೆ ಮಾಡಿದ್ರೆ ಮಾರನೇ ವಾರವೇ ಹೊಸ ಕೋಳಿ ತರಬಹುದು, ಕಾಯೋ ಅವಶ್ಯಕತೆ ಇಲ್ಲ.

ಇಂಥಾ ಕೇಸಲ್ಲಿ ಜನಕ್ಕೆ ಗೊತ್ತಿಲ್ದೇ ಇರೋ ಒಂದು ವಿಷ್ಯ ಇದೆ. ಹುಂಜ ಸತ್ತುಹೋದ್ರೂ ಹ್ಯಾಟೆ ಉಳಿದಿದ್ರೆ ಅದು ಇನ್ನೂ ಒಂದು ವಾರದ ಮೇಲೆ ಇಡೋ ಮೊಟ್ಟೆಲೂ ಮರಿ ಆಗತ್ತೆ, ಹುಂಜದ ಬೀಜ ಹ್ಯಾಟೆ ಒಳಗೆ ಅಷ್ಟು ದಿನ ಜೀವ ಹಿಡ್ಕೊಂಡಿರತ್ತೆ. ಆ ಮೊಟ್ಟೆಗಳನ್ನ ಆಮ್ಲೆಟ್ ಮಾಡ್ಕೋಬೇಡಿ, ಚೂಪು ತುದಿ ಕೆಳಗೆ ಬರೋ ಹಾಗೆ ತಂಪಾದ ಜಾಗದಲ್ಲಿಡಿ, ಒಂದು ವಾರದೊಳಗೆ ಕಾವು ಕೂತಿರೋ ಯಾವುದಾದ್ರೂ ನಾಟಿ ಹ್ಯಾಟೆ ಕೆಳಗೆ ಹತ್ತು ಹನ್ನೆರಡು ಇಟ್ಟುಬಿಡಿ, ಏಳನೇ ದಿನ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೆ ಒಳಗೆ ಜೇಡನ ಥರ ಕೆಂಪು ನರ ಹರಡಿರೋದು ಕಾಣತ್ತೆ, ಕಾಣ್ಲಿಲ್ಲ ಅಂದ್ರೆ ತೆಗೆದುಬಿಡಿ. ಇಪ್ಪತ್ತೊಂದನೇ ದಿನಕ್ಕೆ ಅದೇ ಹುಂಜದ ಮಕ್ಕಳು ಹೊರಗೆ.

ರೋಗದಲ್ಲಿ ಸತ್ತಿದ್ರೆ ಮಾತ್ರ ಈ ಆತುರ ಬೇಡವೇ ಬೇಡ. ಮೊದಲ ದಿನ ಒಂದು ಮಂಕಾಗಿ ಮೂಲೆ ಹಿಡೀತು, ಮಾರನೇ ದಿನ ಮೂರು, ಹಸಿರು ಬಿಳಿ ಮಿಶ್ರ ಭೇದಿ, ಬಾಯಿ ಬಿಟ್ಟು ಗೊರಗೊರ ಉಸಿರು, ಒಂದೆರಡು ಕತ್ತು ತಿರುಚಿಕೊಂಡು ಆಕಾಶ ನೋಡ್ತಿವೆ ಅಂದ್ರೆ ನಮ್ಮ ಕಡೆ ಬಹಳಷ್ಟು ಸಲ ಅದು ಕೊಕ್ಕರೆ ರೋಗವೇ. ಪುಸ್ತಕದಲ್ಲಿ ರಾಣಿಖೇತ್ ಅಂತಾರೆ. 1926ರ ಆಸುಪಾಸಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ್ರು, ಅದಾದ ಸ್ವಲ್ಪದರಲ್ಲೇ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲೂ ಸಿಕ್ತು, ಅದಕ್ಕೇ ಎರಡು ಹೆಸರು. ಪಾಪ, ಆ ಊರಿನೋರಿಗೆ ಹೇಗನ್ಸತ್ತೋ! ಲಸಿಕೆ ಹಾಕ್ದೇ ಇರೋ ಹಿತ್ತಲಲ್ಲಿ ಹತ್ತಕ್ಕೆ ಒಂಬತ್ತು ಹೋಗೋದು ಸಾಮಾನ್ಯ.

ಆದ್ರೆ ಫೋನಲ್ಲಿ ಲಕ್ಷಣ ಕೇಳಿ ಇದೇ ಅಂತ ನಾನು ಹೇಳಲ್ಲ, ಸತ್ತಿದ್ದನ್ನ ತನ್ನಿ ಅಂತೀನಿ. ಎರಡು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಐಸ್ ಜೊತೆ ಅದೇ ದಿನ ತರಬೇಕು, ಫ್ರೀಜರಲ್ಲಿಟ್ಟು ಕಲ್ಲು ಮಾಡ್ಕೊಂಡು ಬಂದ್ರೆ ಒಳಗೆ ಏನೂ ಗೊತ್ತಾಗಲ್ಲ. ಕೊಯ್ದಾಗ ನಾನು ಮೊದಲು ಹುಡುಕೋದು ಕಾಳು ಅರೆಯೋ ಗಟ್ಟಿ ಹೊಟ್ಟೆಗೆ (ಗಿಜರ್ಡ್) ಮುಂಚೆ ಬರೋ ಮೆತ್ತನೆ ಹೊಟ್ಟೆನ. ಸೀಳಿ ತೊಳೆದು ಬೆಳಕಿಗೆ ಹಿಡಿದ್ರೆ ಒಳಗೋಡೆ ತುಂಬಾ ಸಣ್ಣ ಸಣ್ಣ ಮೊಡವೆ ಥರ ಗ್ರಂಥಿಗಳಿರತ್ತೆ, ಕೊಕ್ಕರೆ ರೋಗದಲ್ಲಿ ಆ ಒಂದೊಂದು ಮೊಡವೆ ತುದೀಲೂ ಗುಂಡುಸೂಜಿ ಚುಚ್ಚಿದ ಹಾಗೆ ರಕ್ತದ ಚುಕ್ಕೆ ಕಾಣಬಹುದು. ಮನೆಯವರಿಗೂ ತೋರಿಸ್ತೀನಿ. ಆ ಚುಕ್ಕೆ ನೋಡಿದ ಮೇಲೆ ಯಾರೂ "ಯಾರೋ ಕಣ್ಣು ಹಾಕಿದ್ರು ಸಾರ್" ಅಂದಿಲ್ಲ. ಗಟ್ಟಿಯಾಗಿ ಹೇಳ್ಬೇಕಂದ್ರೆ ಲ್ಯಾಬ್ ಪರೀಕ್ಷೆ ಬೇಕು, ಹಕ್ಕಿಜ್ವರದಲ್ಲೂ ಇದೇ ಥರ ಕಾಣೋದುಂಟು. ಎರಡು ಮೂರು ದಿನದಲ್ಲಿ ಬೀದಿ ಬೀದಿ ಕೋಳಿ ಸಾಯ್ತಿದೆ, ಜುಟ್ಟು ನೀಲಿಗಟ್ಟಿದೆ ಅಂದ್ರೆ ಮುಟ್ಟೋಕೇ ಹೋಗ್ಬೇಡಿ, ಪಶುಸಂಗೋಪನಾ ಇಲಾಖೆಗೆ ಫೋನ್ ಮಾಡಿ, ಸ್ಯಾಂಪಲ್ ಅವರೇ ತಗೋತಾರೆ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಗೇ ಬಂದಿತ್ತು, 2020ರ ಮಾರ್ಚಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲಿ ಬಂತು, ನಮ್ಮೂರಿಗೆ ಬರಲ್ಲ ಅನ್ನೋ ಗ್ಯಾರಂಟಿ ಇಲ್ಲ.

ಎಳೆ ಮರಿಗಳು ಮೂರರಿಂದ ಆರು ವಾರದೊಳಗೆ ರಕ್ತ ಭೇದಿ ಮಾಡ್ಕೊಂಡು ಸತ್ರೆ ಅದು ಕಾಕ್ಸಿ, ಅಂದ್ರೆ ಕರುಳಿಗೆ ಹತ್ತೋ ಪರೋಪಜೀವಿ ರೋಗ, ಅದಕ್ಕೆ ಔಷಧಿ ಇದೆ, ಹಸಿ ನೆಲವೇ ಅದರ ತವರು. ಎರಡು ಮೂರು ತಿಂಗಳ ಕೋಳಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ರೆ ಮೇರೆಕ್ಸ್ ಅನ್ನೋ, ನರಕ್ಕೆ ಹತ್ತೋ ವೈರಸ್ ರೋಗದ ಅನುಮಾನ, ಅದಕ್ಕೆ ಔಷಧಿ ಇಲ್ಲ. ಮೂರಕ್ಕೂ ಗೂಡು ಎಷ್ಟು ದಿನ ಖಾಲಿ ಬಿಡಬೇಕು ಅನ್ನೋದು ಬೇರೆ ಬೇರೆ, ಅದಕ್ಕೇ ಸತ್ತಿದ್ದು ಹೇಗೆ ಅಂತ ಅಷ್ಟು ಕೊರೆಯೋದು.

ಈಗ ಸಂತೆ ವಿಷ್ಯಕ್ಕೆ ಬರ್ತೀನಿ. ಕೋಳಿ ಸಾಯೋಕೆ ಶುರುವಾದ ತಕ್ಷಣ ನಮ್ಮ ಜನ ಏನು ಮಾಡ್ತಾರೆ, ಉಳಿದಿರೋದನ್ನ ಬುಟ್ಟಿಗೆ ತುಂಬಿ ಸಂತೆಗೆ ಒಯ್ತಾರೆ, ಸತ್ತು ಲಾಸ್ ಆಗೋ ಬದ್ಲು ಬಂದಷ್ಟು ಬರ್ಲಿ ಅಂತ. ಬಡವರ ಲೆಕ್ಕ ಅದು, ಬೈಯೋಕೆ ಬಾಯಿ ಬರಲ್ಲ. ಆದ್ರೆ ಕೋಳಿ ಕಳ್ಕೊಂಡು ಹೊಸದು ಹುಡುಕೋ ನೀವು ಹೋಗೋದೂ ಅದೇ ಸಂತೆಗೆ. ಮೈಗೆ ವೈರಸ್ ಹೊಕ್ಕು ಐದಾರು ದಿನ ಆಗೋವರೆಗೂ ಕೋಳಿ ಗಟ್ಟಿಮುಟ್ಟಾಗೇ ಕಾಣಬಹುದು. ಯುಗಾದಿ ಮಾರನೇ ದಿನದ ವರ್ಷತೊಡಕಿಗೆ ಮುಂಚೆ, ಜಾತ್ರೆ ಸೀಸನಲ್ಲಿ, ಕೋಳಿ ಊರಿಂದ ಊರಿಗೆ ಓಡಾಡೋದು ಜಾಸ್ತಿ, ನನ್ನ ಫೋನ್ ಹೊಡ್ಕೊಳ್ಳೋದೂ ಆಗಲೇ ಜಾಸ್ತಿ.

ಇದನ್ನೆಲ್ಲ ದೊಡ್ಡ ಜ್ಞಾನಿ ಥರ ಹೇಳ್ತಿದೀನಿ ಅನ್ಕೋಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ಸಂತೇಲಿ ಕೆಂಪು ಹ್ಯಾಟೆ ಎರಡು ಕಂಡು, ಅಂದ ನೋಡಿ ಮರುಳಾಗಿ, ತಂದು ಸೀದಾ ನಮ್ಮ ಹಿತ್ತಲಿಗೆ ಬಿಟ್ಟೆ. ಡಾಕ್ಟರ್ ನಾನು! ಒಂದು ವಾರಕ್ಕೆ ಅವೆರಡೂ ಸೇರಿ ಒಂಬತ್ತು ಹೋದ್ವು. ಅಮ್ಮ ಏನೂ ಅನ್ಲಿಲ್ಲ, "ಊರವರ ಕೋಳಿಗೆ ಸೂಜಿ ಹಾಕ್ತೀಯಂತಲ್ಲಪ್ಪಾ" ಅಂದ್ರು ಅಷ್ಟೇ.

ಸತ್ತ ಕೋಳಿನ ಕೆರೆ ಏರಿ ಪಕ್ಕ ಎಸೀಬೇಡಿ, ನಾಯಿ ಎಳೆದು ಊರೆಲ್ಲ ಹಂಚತ್ತೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಗೂಡಿನ ಹಿಕ್ಕೆ ಹೊಟ್ಟು ಪೂರ್ತಿ ಕೆರೆದು ತೆಗೀಬೇಕು, ಹಿಕ್ಕೆ ಮೇಲೇ ಫಿನಾಯಿಲ್ ಸುರಿದ್ರೆ ಫಿನಾಯಿಲ್ ದಂಡ. ಕೆರೆದು, ಸೋಪು ನೀರಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಬ್ಲೀಚಿಂಗ್ ಪೌಡರ್ ನೀರು, ಗೋಡೆಗೆ ಸುಣ್ಣ, ನೀರಿನ ಡಬ್ಬಿ ಬಟ್ಟಲು ಬಿಸಿಲಿಗೆ. ಕೊಕ್ಕರೆ ರೋಗ ಆಗಿದ್ರೆ ಇಷ್ಟಾದ ಮೇಲೆ ಕನಿಷ್ಠ ಒಂದು ತಿಂಗಳು ಗೂಡು ಖಾಲಿ ಬಿಡಿ. ಮೇರೆಕ್ಸ್ ಆಗಿದ್ರೆ ಧೂಳಲ್ಲೇ ತಿಂಗಳುಗಟ್ಲೆ ಉಳಿಯತ್ತೆ, ಕಾದು ಗೆಲ್ಲೋಕಾಗಲ್ಲ, ಹ್ಯಾಚರೀಲೇ ಮೊದಲ ದಿನದ ಲಸಿಕೆ ಆಗಿರೋ ಮರಿನೇ ತರಬೇಕು.

ಕಷ್ಟದ ಪ್ರಶ್ನೆ ಅಂದ್ರೆ ಉಳಿದುಕೊಂಡ ಒಂದೋ ಎರಡೋ ಕೋಳಿದು. ಎಲ್ಲಾ ಹೋದ್ರೂ ಇದು ಉಳೀತು ನೋಡಿ ಸಾರ್ ಅಂತ ಅದರ ಮೇಲೆ ಪ್ರೀತಿ ಇಮ್ಮಡಿ ಆಗಿರತ್ತೆ, ಒಂಟಿಯಾಯ್ತಲ್ಲ ಅಂತ ಜೊತೆಗೆ ಹತ್ತು ಮರಿ ತಂದು ಬಿಡ್ತಾರೆ. ಕೊಕ್ಕರೆ ರೋಗದಿಂದ ಉಳಿದ ಕೋಳಿ ಹಿಕ್ಕೇಲಿ ಒಂದಷ್ಟು ವಾರ ವೈರಸ್ ಹಾಕ್ತಾ ಇರಬಹುದು. ಮೂಗು ಸೋರಿ ಮುಖ ಊದಿ ವಾಸಿಯಾದವು, ಮೇರೆಕ್ಸ್ ದಾಟಿದವು ಇನ್ನೂ ಮೋಸ, ಬದುಕಿರೋವರೆಗೂ ರೋಗ ಹೊತ್ಕೊಂಡೇ ಓಡಾಡಬಹುದು. ಕೊಂದುಹಾಕಿ ಅಂತ ನಾನು ಹೇಳಲ್ಲ, ಆ ಮಾತು ಹೇಳಿ ಬೈಸಿಕೊಂಡಿದ್ದೂ ಇದೆ. ಬೇರೆ ಕಡೆ ಇಡಿ, ಹೊಸ ಮರಿಗಳ ಲಸಿಕೆ ಮುಗಿಯೋವರೆಗೂ ಅವುಗಳ ಹತ್ರ ಇದು ಕಾಲೂ ಇಡದ ಹಾಗೆ, ಮೊದಲು ಮರಿಗೆ ಮೇವು ಹಾಕಿ ಆಮೇಲೆ ಇದರ ಹತ್ರ ಹೋಗಿ, ಉಲ್ಟಾ ಅಲ್ಲ.

ಸರಿ, ತಳಿ. ಗಿರಿರಾಜ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಹುಟ್ಟಿದ್ದು, ಮೈ ಬೇಗ ಬರತ್ತೆ, ಮೊಟ್ಟೆ ನಾಟಿಗಿಂತ ಎರಡು ಪಟ್ಟಿಗೂ ಹೆಚ್ಚು. ಸ್ವರ್ಣಧಾರನೂ ಅಲ್ಲಿದೇ, ಇನ್ನೂ ಸ್ವಲ್ಪ ಜಾಸ್ತಿ ಇಡತ್ತೆ. ಆದ್ರೆ ಇವು ಕಾವು ಕೂರಲ್ಲ, ಅಂದ್ರೆ ಇವುಗಳಿಂದ ಹಿಂಡು ತಾನಾಗೇ ಬೆಳೆಯಲ್ಲ, ಭಾರದ ಮೈ, ನಾಯಿ ಬಂದ್ರೆ ಮರ ಹತ್ತೋಕೂ ಆಗಲ್ಲ. ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡಬಹುದು ಅಷ್ಟೇ, ಆದ್ರೆ ಹದ್ದಿನ ನೆರಳು ನೆಲದ ಮೇಲೆ ಹಾದ್ರೆ ಸಾಕು ಒಂದು ಸಲ ಕೊರ್ ಅಂದು ಎಲ್ಲಾ ಮರಿನೂ ರೆಕ್ಕೆ ಕೆಳಗೆ ಎಳ್ಕೊಳತ್ತೆ. ಶೋಕಿಗೆ ಸಾಕೋರಿಗೆ ನಾನು ಹೇಳೋದು ನಾಟಿ ನಾಲ್ಕು, ಮೊಟ್ಟೆಗೆ ಬೇಕಂದ್ರೆ ಸ್ವರ್ಣಧಾರ ಎರಡು. ರೋಗದ ವಿಷ್ಯದಲ್ಲಿ ಮಾತ್ರ, ಲಸಿಕೆ ಇಲ್ದೇ ಕೊಕ್ಕರೆ ರೋಗ ತಡೆಯೋ ತಳಿ ಯಾವುದೂ ಇಲ್ಲ, ನಾಟಿನೂ ಸಾಯತ್ತೆ, ಕಡಕ್‌ನಾಥೂ ಸಾಯತ್ತೆ. ಬೈಕಲ್ಲಿ ಗುಲಾಬಿ ಹಸಿರು ಬಣ್ಣ ಹಾಕಿ ಮಾರೋ ಮರಿ ಬಿಟ್ಟಾಕಿ, ಬಹುಪಾಲು ಹ್ಯಾಚರಿಗೆ ಬೇಡವಾದ ಗಂಡು ಮರಿಗಳು, ಲಸಿಕೆ ಕಂಡಿರಲ್ಲ.

ಮರಿ ತಂದ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸ್ತಾ ಬನ್ನಿ. ಹಳೇ ಲೆಕ್ಕ ಮರಿಗೆ ಎರಡು ವ್ಯಾಟ್ ಬಲ್ಬ್ ಅಂತ. ಆ ಲೆಕ್ಕ ಹಳೇ ತಂತಿ ಬಲ್ಬಿಂದು. ಹೋದ ಚಳಿಗಾಲದಲ್ಲಿ ಒಬ್ಬರು ಇಪ್ಪತ್ತು ಮರಿಗೆ ನಲವತ್ತು ವ್ಯಾಟ್ ಹಾಕಿದೀನಿ ಆದ್ರೂ ಸಾಯ್ತಿವೆ ಅಂತ ಕರೆದ್ರು, ಹೋಗಿ ನೋಡಿದ್ರೆ ಡಬ್ಬ ತುಂಬಾ ಕಲ್ಯಾಣಮಂಟಪದ ಥರ ಬೆಳಕು, ಮರಿಗಳು ಒಂದರ ಮೇಲೊಂದು ಹತ್ತಿ ನಡುಗ್ತಿವೆ. ಎಲ್‌ಇಡಿ! ಅದು ಬೆಳಕು ಕೊಡತ್ತೆ, ಬಿಸಿ ಕೊಡಲ್ಲ. ಥರ್ಮಾಮೀಟರ್ ಇಲ್ದಿದ್ರೆ ಮರಿಗಳನ್ನೇ ನೋಡಿ, ಬಲ್ಬ್ ಕೆಳಗೆ ಗುಂಪು ಕಟ್ಟಿದ್ರೆ ಚಳಿ, ಬಲ್ಬಿಂದ ದೂರ ಓಡಿ ಬಾಯಿ ಬಿಟ್ರೆ ಸೆಖೆ, ಚೆದುರಿ ಕೆದಕ್ತಾ ಇದ್ರೆ ಸರಿ ಇದೆ.

ದೊಡ್ಡ ಕೋಳಿ ತರೋದಾದ್ರೆ ಮೂರು ವಾರ ಬೇರೆ ಇಡಿ. ಆಮೇಲೂ ಒಂದೇ ಸಲ ಬಿಡಬೇಡಿ, ಮಧ್ಯೆ ಮೆಷ್ ಇಟ್ಟು ಒಂದು ವಾರ ಮುಖ ನೋಡ್ಕೊಳ್ಳಲಿ, ಒಂದು ರಾತ್ರಿ ಹಳೇವು ಕೂತಿರೋ ಗಳದ ಮೇಲೆ ಸದ್ದಿಲ್ದೇ ಕೂರಿಸಿ. ಒಂದೇ ಒಂದನ್ನ ಸೇರಿಸಿದ್ರೆ ಕುಕ್ಕಿ ಕುಕ್ಕಿ ನೆತ್ತಿ ರಕ್ತ ಮಾಡ್ತವೆ, ಎರಡು ಮೂರು ಒಟ್ಟಿಗಿದ್ರೆ ಏಟು ಹಂಚಿಹೋಗತ್ತೆ. ಯಾರು ಯಾರನ್ನ ಕುಕ್ಕಬಹುದು ಅನ್ನೋ ಈ ಮೇಲು ಕೀಳಿನ ಲೆಕ್ಕವನ್ನ ನಾರ್ವೆಯ ಶೆಲ್ಡರುಪ್ ಎಬ್ಬೆ ಅನ್ನೋರು ಚಿಕ್ಕಂದಿಂದ ಕೋಳಿ ನೋಡ್ತಾ ನೋಡ್ತಾ ಬರೆದಿಟ್ಕೊಂಡು 1920ರ ದಶಕದಲ್ಲಿ ಪ್ರಕಟಿಸಿದ್ರು, ನಮ್ಮಜ್ಜಿಗೆ ಅದು ಓದದೇ ಗೊತ್ತಿತ್ತು, ಹೊಸ ಕೋಳಿ ಬುಟ್ಟಿ ಕೆಳಗೆ ಎಂಟು ದಿನ ಕವುಚಿಡೋರು.

ಕೊನೇದು ಲಸಿಕೆ. ಐದರಿಂದ ಏಳನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ, ಲಾಸೋಟ ಇಲ್ಲಾ ಎಫ್‌ಒನ್, ಎರಡೂ ಕೊಕ್ಕರೆ ರೋಗದ ಲಸಿಕೆಗಳೇ. ಎರಡು ವಾರದ ಹತ್ರ ಗುಂಬೋರೊ ಅನ್ನೋ ಇನ್ನೊಂದು ವೈರಸ್ ರೋಗದ ಲಸಿಕೆ. ನಾಲ್ಕು ವಾರಕ್ಕೆ ಲಾಸೋಟ ಇನ್ನೊಂದ್ಸಲ. ಎಂಟು ವಾರ ದಾಟಿದ ಮೇಲೆ ರೆಕ್ಕೆ ಕೆಳಗೆ ಆರ್‌ಟುಬಿ ಸೂಜಿ, ಇದು ಕೊಕ್ಕರೆ ರೋಗದ್ದೇ ಇನ್ನೂ ಜೋರಾದ ಲಸಿಕೆ, ಅದಕ್ಕಿಂತ ಎಳೇದಕ್ಕೆ ಹಾಕಬೇಡಿ, ಲಸಿಕೆಯೇ ರೋಗ ಆಗಿಬಿಡತ್ತೆ. ಆಗಲೇ ರೋಗ ಹತ್ತಿದ ಹಿಂಡಿಗೆ ಸೂಜಿ ಹಾಕ್ಸಿ ಉಳಿಸ್ಕೊಳ್ಳೋ ಆಸೆನೂ ಬೇಡ. ಫ್ರಿಜ್ಜಿಂದ ಫ್ಲಾಸ್ಕಿಗೆ, ಫ್ಲಾಸ್ಕಿಂದ ಕೋಳಿಗೆ, ಕಲೆಸಿದ ಮೇಲೆ ಒಂದೆರಡು ಗಂಟೇಲಿ ಮುಗಿಸಬೇಕು. ಒಂದು ಸಲ ಹನಿ ಸಿಡಿದು ನನ್ನ ಕಣ್ಣಿಗೇ ಬಿತ್ತು, ಎರಡು ದಿನ ಕೆಂಪಗೆ ಉರೀತಿತ್ತು, ಈ ವೈರಸ್ಸು ಮನುಷ್ಯರಿಗೆ ಅಷ್ಟು ಮಾಡಬಲ್ಲದು.

ತೊಂದರೆ ಏನಂದ್ರೆ ಸಿಗೋ ಸಣ್ಣ ಬಾಟ್ಲೇ ಸಾಮಾನ್ಯವಾಗಿ ನೂರು ಡೋಸಿಂದು, ನಿಮ್ಮ ಹತ್ರ ಇರೋದು ಎಂಟು ಕೋಳಿ. ಮಿಕ್ಕಿದ್ದು ವೇಸ್ಟ್ ಅಂತ ಜನ ಹಾಕಿಸದೇ ಬಿಡ್ತಾರೆ. ಪಕ್ಕದ ಮನೆಯೋರನ್ನೂ ಸೇರಿಸ್ಕೊಳ್ಳಿ ಅಂತ ನಾನು ಹಿಂದೆ ಬೀಳೋದು ದುಡ್ಡು ಉಳಿಸೋಕೆ ಮಾತ್ರ ಅಲ್ಲ, ಅವರ ಕೋಳಿ ನಿಮ್ಮ ತಿಪ್ಪೆಗೆ ಬಂದೇ ಬರತ್ತೆ. ಆ ಹನ್ನೊಂದು ಕೋಳಿ ಕಳ್ಕೊಂಡೋರು ಇದ್ರಲ್ಲ, ಎರಡು ತಿಂಗಳಾದ ಮೇಲೆ ಹೊಸ ಮರಿಗಳ ಎರಡನೇ ಡೋಸಿಗೆ ಕರೆದ್ರು. ಸಂಜೆ ಏಳಕ್ಕೆ ಹೋದೆ, ಕತ್ತಲಾದ್ರೆ ಹಿಡಿಯೋದು ಸುಲಭ. ಬೀದೀಲಿ ಒಂಬತ್ತು ಮನೆಯೋರು ಸಾಲಾಗಿ ನಿಂತಿದ್ರು, ಕಂಕುಳಲ್ಲಿ, ಚೀಲದಲ್ಲಿ, ಒಬ್ಬಳು ಹುಡುಗಿ ಸ್ಕೂಲ್ ಬ್ಯಾಗಲ್ಲಿ ಮರಿ ಇಟ್ಕೊಂಡು. ಎಣಿಸಿದ್ರೆ ಎಂಬತ್ತೇಳು. ಮಿಕ್ಕ ಹದಿಮೂರು ಡೋಸ್ ಏನು ಮಾಡೋದು ಸಾರ್ ಅಂದ್ರು, ಕುದಿಯೋ ನೀರಿಗೆ ಹಾಕಿ ಚೆಲ್ಲಿ ಅಂದೆ, ಅಷ್ಟರಲ್ಲಿ ಆ ಹುಡುಗಿ "ತಡೀರಿ, ಮೇಲಿನ ಬೀದೀಲಿ ನಮ್ಮತ್ತೆ ಮನೇಲಿ ಆರಿದೆ" ಅಂತ ಬ್ಯಾಗ್ ಅಲ್ಲೇ ಇಟ್ಟು ಓಡಿದ್ಳು.